ಒಂದನೇ ಬಾಗಿಲಿನ ಬೂಟು

ಬಾಗಿಲಕ್ಕ ಅಂಗಡಿಯ ಈ ಗೋಡೆಯಿಂದ ಆ ಗೋಡೆಯವರೆಗೆ ಹಿಂದೆ ಹಿಂದೆ ನಡೆದಳು. ಕನ್ನಡಿಗೆ ಬೆನ್ನು ತಾಗುವಷ್ಟರಲ್ಲಿ ನಿಂತು, ಕಣ್ಣು ಮುಚ್ಚಿ, ಎಡಗಾಲಿನ ಹಿಮ್ಮಡಿಯ ಮೇಲೆ ಮೆಲ್ಲಗೆ ಭಾರ ಬಿಟ್ಟು ಕಿವಿಗೊಟ್ಟಳು. ಬೂಟಿನಂಗಡಿಯವನು ಮಂಡಿಯೂರಿದಲ್ಲೇ ತಲೆಯೆತ್ತಿ ನೋಡುತ್ತಿದ್ದ. ಅವನ ಸುತ್ತ ಒಂಬತ್ತು ಡಬ್ಬಗಳು ಬಾಯಿ ತೆರೆದು ಬಿದ್ದಿದ್ದವು.

"ಅಮ್ಮಾ, ಲೋಕದಲ್ಲಿ ಎಲ್ರೂ ಮುಂದಕ್ಕೆ ನಡೀತಾರೆ," ಎಂದ.

"ನಾನು ಹಿಂದಕ್ಕೆ ನಡೆಯೋಳು. ಹತ್ತೊಂಬತ್ತು ವರ್ಷದಿಂದ."

"ಹಾಗಾದ್ರೆ ಬೂಟು ತಿರುಗ್ಸಿ ಹಾಕ್ಕೊಳ್ಳಿ."

ಅವಳು ನಗಲಿಲ್ಲ. ಮೂರು ವಾರದಲ್ಲಿ ಇದು ಐದನೇ ಅಂಗಡಿ. ಐದರಲ್ಲೂ ಯಾರಾದರೊಬ್ಬರು ಇಂಥದೇ ಒಂದು ಮಾತು ಹೇಳಿದ್ದರು. "ನಿಮ್ಮ ಈ ಜಮಖಾನೆ ಸ್ವಲ್ಪ ಎತ್ತಿ. ಬರೀ ನೆಲದ ಮೇಲೆ ನಡೀಬೇಕು ನಾನು," ಎಂದಳು.

"ಜಮಖಾನೆ ಅಂಟಿಸಿದೀವಮ್ಮ. ಎತ್ತೋಕೆ ಬರಲ್ಲ."

"ಬೂಟಿನ ಸದ್ದು ಜಮಖಾನೇಲಿ ಅಡಗಿಸೋದು, ನಿಮಗೆಲ್ಲ ಇದೊಂದು ಚೆನ್ನಾಗಿ ಗೊತ್ತು."

ಅವಳ ಅನುಮಾನಕ್ಕೆ ಆಧಾರವಿತ್ತು. ಊರಿನ ದೊಡ್ಡ ಸಂಗೀತ ಸಭಾಂಗಣದಲ್ಲಿ ಒಂದನೇ ಬಾಗಿಲು ಅವಳದು. ತಡವಾಗಿ ಬಂದವರನ್ನು ಹೊರಗೆ ತಡೆದು ನಿಲ್ಲಿಸುವುದು, ಒಂದು ಕೃತಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಅವರನ್ನು ಒಳಗೆ ಕರೆದೊಯ್ದು ಕೂರಿಸುವುದು, ಮತ್ತೆ ಬಾಗಿಲಿಗೆ ಹಿಂದೆ ಹಿಂದೆ ನಡೆದು ಬರುವುದು. ನುಡಿಸುವವರಿಗೆ ಕೆಲಸದವರು ಬೆನ್ನು ತೋರಿಸಬಾರದೆಂಬುದು ಅಲ್ಲಿಯ ಹಳೆಯ ಪದ್ಧತಿ. ಟಾರ್ಚಿನ ಬೆಳಕು ಯಾರ ಮೊಣಕಾಲಿಗಿಂತಲೂ ಮೇಲೆ ಹೋಗಬಾರದು ಎಂಬುದು ಇನ್ನೊಂದು. ಜಮಖಾನೆ ಸದ್ದನ್ನು ನುಂಗುತ್ತದೆಂದು ನೆಲಕ್ಕೆ ಬರೀ ಮರದ ಹಲಗೆ ಹಾಸಿದ್ದರು. ಹಾಗಾಗಿ ಯಾರೂ ನುಂಗದ ಸದ್ದುಗಳಲ್ಲಿ ಬಾಗಿಲಕ್ಕನ ಬೂಟಿನದೂ ಒಂದು.

ಇಷ್ಟು ವರ್ಷ ಅವಳು ಹಳೆಯದೊಂದು ಮೆತ್ತನೆಯ ಜೋಡಿಯಲ್ಲಿ ಕಾಲ ಹಾಕಿದ್ದಳು. ಈ ವರ್ಷ ಎರಡು ಅನಾಹುತ ಒಟ್ಟಿಗೇ ಬಂದವು. ಒಂದು, ಹಿಮ್ಮಡಿ. ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆಯ ಮೇಲೆ ಇಟ್ಟಂತೆ. ಅಂಗಾಲಿನ ಪಟ್ಟಿ ಊದಿಕೊಂಡಿದೆ, ನಿಲ್ಲುವುದನ್ನು ಕಮ್ಮಿ ಮಾಡಿ ಎಂದರು ಡಾಕ್ಟರು. "ನಿಲ್ಲೋದಕ್ಕೇ ಸಂಬಳ ಕೊಡೋದು ಡಾಕ್ಟ್ರೇ," ಎಂದಳು. ಅವರು ಆ ಮಾತನ್ನೂ ಚೀಟಿಯಲ್ಲಿ ಬರೆದುಕೊಂಡರು.

ಎರಡನೆಯ ಅನಾಹುತ ಹೊಸ ಮ್ಯಾನೇಜರು. ಸಪೂರ ಮನುಷ್ಯ, ಅಂಗಿಯ ತೋಳಿನ ಮಡಿಕೆಗೂ ಅಳತೆಯಿಟ್ಟವರು. ಗೋಡೆಯ ಮೇಲಿನ ಪಟ ಒಂದು ಕೂದಲಷ್ಟು ವಾಲಿದ್ದರೂ ಮಾತು ನಿಲ್ಲಿಸಿ ಹೋಗಿ ಸರಿಮಾಡಿ ಬಂದು, ನಿಲ್ಲಿಸಿದ ಅಕ್ಷರದಿಂದಲೇ ಮುಂದುವರಿಸುವವರು. ಬಾಗಿಲಿನವರೆಲ್ಲರೂ ಕಪ್ಪು ಚರ್ಮದ, ಹೊಳಪಿನ, ಕಾಲು ಮುಚ್ಚುವ ಬೂಟು ಹಾಕತಕ್ಕದ್ದು ಎಂದು ಬೋರ್ಡಿನ ಮೇಲೆ ಅಂಟಿಸಿದರು. ಕಚೇರಿ ನಡೆಯುವಾಗ ಬಾಗಿಲಿನವರು ತಂತಮ್ಮ ಬಾಗಿಲಿಗೆ ಇಳಿಬಿಟ್ಟ ಪರದೆಯ ಹಿಂದೆ ನಿಲ್ಲುವುದರಿಂದ, ಕತ್ತಲೆಯಲ್ಲಿ ಮ್ಯಾನೇಜರು ಸುತ್ತು ಬರುತ್ತಿದ್ದುದು ಪರದೆಯ ಕೆಳಗಿನ ಗೇಣಗಲದ ಸಂದಿಗೆ ಟಾರ್ಚು ಬಿಡುತ್ತಾ. ಎರಡು ಬೂಟಿನ ಮೂತಿ ಕಂಡರೆ ಆ ಬಾಗಿಲಲ್ಲಿ ಆಳಿದೆ ಎಂದು ಲೆಕ್ಕ.

"ನಿಮ್ಮ ಕೈಲಾಗ್ದಿದ್ರೆ ಕೋಟಿನ ಕೌಂಟರ್‌ಗೆ ಹೋಗಿ ಅಕ್ಕ. ಕುರ್ಚಿ ಇದೆ ಅಲ್ಲಿ," ಎಂದಿದ್ದರು. ಕೆಡುಕಿನಿಂದ ಹೇಳಿದ್ದಲ್ಲ, ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿದ್ದು. ಬಂದವರು ಕೋಟು, ಕೊಡೆ ಬಿಟ್ಟುಹೋಗುವ ಆ ಕೌಂಟರು ನೆಲಮಾಳಿಗೆಯಲ್ಲಿತ್ತು. ಅಲ್ಲಿ ಕೇಳಿಸುತ್ತಿದ್ದುದು ಪಕ್ಕದ ಶೌಚಾಲಯದ ನೀರು ಮಾತ್ರ. ಒಂದನೇ ಬಾಗಿಲಿನಲ್ಲಾದರೋ, ಚಾವಣಿಯ ಯಾವುದೋ ಬಾಗಿನಿಂದಾಗಿ, ಮೊದಲ ಸಾಲಿನವರಿಗೂ ಕೇಳಿಸದ್ದು ಕೇಳಿಸುತ್ತಿತ್ತು: ಪುಟ ತಿರುಗಿಸುವ ಸದ್ದು, ಪಿಟೀಲಿನವಳು ಬಿಲ್ಲು ಎತ್ತುವ ಮುಂಚೆ ಎಳೆದುಕೊಳ್ಳುವ ಉಸಿರು. ಹನ್ನೊಂದು ವರ್ಷದ ಹಿಂದೆ ಒಬ್ಬ ಪಿಯಾನೋದ ಮುದುಕ ಬಂದಿದ್ದ. ನುಡಿಸುವಾಗ ಮೂಗಿನಲ್ಲೇ ಗುನುಗುತ್ತಿದ್ದ, ಅದೂ ಸ್ವಲ್ಪ ಅಪಸ್ವರದಲ್ಲಿ. ಊರಿಗೆಲ್ಲ ಆ ವಿಷಯ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಈ ಭಾನುವಾರ ಮಧ್ಯಾಹ್ನ ಅವನು ಮತ್ತೆ ಬರುವವನಿದ್ದ. ಭಾನುವಾರ ನೋಡಿ ತೀರ್ಮಾನ ಮಾಡೋಣ ಎಂದು ಮ್ಯಾನೇಜರು ಅವಳಿಗೆ ಗಡುವು ಕೊಟ್ಟಿದ್ದೂ ಅದೇ ದಿನದ್ದು.

ಮೊದಲು ಕೊಂಡ ಜೋಡಿ ಅಂಗಡಿಯಲ್ಲಿ ಬೆಣ್ಣೆಯಂತಿತ್ತು. ಸಭಾಂಗಣದ ಹಲಗೆಯ ಮೇಲೆ ಇಟ್ಟ ಮೊದಲ ಹೆಜ್ಜೆಗೆ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು. ನಾಲ್ಕು ಸಾಲಿನವರು ತಿರುಗಿ ನೋಡಿದರು. "ಅಕ್ಕಾ, ಕಾರ್ಯಕ್ರಮದ ಪಟ್ಟೀಲಿ ನಿಮ್ಮ ಬೂಟಿನ ಹೆಸ್ರಿಲ್ಲ," ಎಂದರು ಮ್ಯಾನೇಜರು.

ಅವಳ ಗಂಡ ದರ್ಜಿ. ಅವನ ಪ್ರಕಾರ ಜಗತ್ತಿನ ಎಲ್ಲ ತೊಂದರೆಗಳೂ ಒಂದು ತುಂಡು ಬಟ್ಟೆಯಿಂದ ಸರಿಹೋಗುವಂಥವು. ಯಾರದೋ ಕೋಟಿನಲ್ಲಿ ಉಳಿದ ದಪ್ಪ ಉಣ್ಣೆಯನ್ನು ಬೂಟಿನ ಅಟ್ಟೆಗೆ ಅಂಟಿಸಿಕೊಟ್ಟ. ಕಿರುಚುವುದು ನಿಂತಿತು, ಆದರೆ ಮುಂಬಾಗಿಲಿನ ನುಣುಪು ಕಲ್ಲಿನ ಮೇಲೆ ಬಾಗಿಲಕ್ಕ ಟಿಕೆಟ್ಟು ಹಿಡಿದ ಮೂವತ್ತು ಜನರ ಎದುರಿಗೆ, ಯಾರೋ ಕೂರಿಸಿದಂತೆ, ಕೂತುಬಿಟ್ಟಳು. ಆಮೇಲೆ ತಂಗಿ ತನ್ನ ಜೋಡಿ ತಂದಳು. ಅವಳು ನರ್ಸು. "ಹನ್ನೆರಡು ಗಂಟೆ ನಿಂತರೂ ಕಾಲು ಇದೆ ಅಂತ್ಲೇ ಗೊತ್ತಾಗಲ್ಲ ಕಣೇ," ಎಂದಳು. ಬೂಟು ಬಿಳಿ, ಎಲೆಕೋಸಿನಷ್ಟು ದಪ್ಪ. ಕಪ್ಪು ಪಾಲಿಶು ಬಳಿದು ಒಣಗಿಸಿದ ಮೇಲೆ ಕರಕಲಾದ ಎಲೆಕೋಸಿನಂತೆ ಕಂಡಿತು.

"ನಿಮ್ಮ ಮ್ಯಾನೇಜರ್‌ಗೆ ಬೇಕಿರೋದು ಬೂಟು ತಾನೆ?" ಎಂದ ಗಂಡ, ಸೂಜಿಗೆ ದಾರ ಪೋಣಿಸುತ್ತಾ. "ಅದನ್ನಷ್ಟೇ ಕೆಲಸಕ್ಕೆ ಕಳ್ಸು. ನೀನು ಮನೇಲಿ ಕೂತ್ಕೋ."

"ನಿಮಗೆ ತಮಾಷೆ."

"ತಮಾಷೆ ಅಲ್ವೇ. ನಿನ್ನ ಮುಖ ನೋಡಿದಾರಾ ಅವ್ರು ಯಾವತ್ತಾದ್ರೂ?"

ಅವಳು ಎದ್ದು ಹೋಗಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡಿದ್ದಳು.

ಈಗ ಐದನೇ ಅಂಗಡಿಯವನು ಹತ್ತನೇ ಡಬ್ಬ ತೆರೆದ. "ನಿಮಗೆ ಚೆಂದ ಇರ್ಬೇಕು, ಮೆತ್ತಗಿರ್ಬೇಕು, ಸದ್ದು ಮಾಡ್ಬಾರ್ದು. ಅಲ್ವಾ? ಮೂವತ್ತು ವರ್ಷದಿಂದ ಜನರ ಕಾಲು ಹಿಡೀತಿದೀನಿ ತಾಯಿ, ನಿಜ ಹೇಳ್ಬಿಡ್ತೀನಿ. ಮೂರರಲ್ಲಿ ಎರಡು ಕೇಳಿ, ಕೊಡ್ತೀನಿ. ಮೂರೂ ಇರೋದನ್ನ ಹೊಲಿಯೋನು ಇನ್ನೂ ಹುಟ್ಟಿಲ್ಲ."

ಐದು ಅಂಗಡಿಗಳಲ್ಲಿ ಅವಳು ಕೇಳಿದ ಮೊದಲ ಪ್ರಾಮಾಣಿಕ ಮಾತು ಅದು. ಅವಳಿಗೆ ಅಳು ಬರುವಂತಾಯಿತು. ಅದರಿಂದ ಇನ್ನೂ ರೇಗಿತು. ಡಬ್ಬದಲ್ಲಿದ್ದ ಜೋಡಿ ಕಪ್ಪಗೆ, ನೀಳವಾಗಿ, ದೀಪದ ಪ್ರತಿಬಿಂಬ ಕಾಣುವಷ್ಟು ಹೊಳೆಯುತ್ತಿತ್ತು. ಹಾಕಿಕೊಂಡು ಅಂಗಡಿಯ ಹೊಸ್ತಿಲಾಚೆಯ ಸಿಮೆಂಟಿನ ಮೇಲೆ, ದಾರಿಹೋಕರ ನಡುವೆ, ಹಿಂದೆ ಹಿಂದೆ ಹತ್ತು ಹೆಜ್ಜೆ ನಡೆದಳು. ಪಿಟ್ಟೆನ್ನಲಿಲ್ಲ. ಹಿಮ್ಮಡಿಯಿಂದ ಮೊಣಕಾಲಿನವರೆಗೆ ಕಾದ ತಂತಿ ಎಳೆದಂತಾಯಿತು.

"ಇದನ್ನೇ ಕಟ್ಟಿ," ಎಂದಳು.

"ನೋವಾಗುತ್ತೆ ಅಂತ ನಿಮ್ಮ ಮುಖಾನೇ ಹೇಳ್ತಿದೆ."

"ಮುಖ ಯಾರೂ ನೋಡಲ್ಲ ಬಿಡಿ."

ಭಾನುವಾರ ಮೂರು ಗಂಟೆಗೆ ಬಾಗಿಲಿನವರೆಲ್ಲ ಸಾಲಾಗಿ ನಿಂತರು. ಮ್ಯಾನೇಜರು ನೆಲ ನೋಡುತ್ತಾ ಬಂದರು. ಬಾಗಿಲಕ್ಕನೆದುರು ನಿಂತು, ತಲೆಯೆತ್ತದೆ, "ನೋಡಿ, ಮನಸ್ಸು ಮಾಡಿದ್ರೆ ಆಗುತ್ತೆ," ಎಂದರು. ಅವಳು ಹಲ್ಲು ಕಚ್ಚಿ ಹೌದೆಂದಳು. "ಆದ್ರೂ ಎರಡೂವರೆ ಗಂಟೆಯ ಕಾರ್ಯಕ್ರಮ ಇದೆ. ಇಂಟರ್ವಲ್ ಆದಮೇಲೆ ಬಂದು ನೋಡ್ತೀನಿ," ಎಂದು ಮುಂದಿನ ಬೂಟಿಗೆ ಹೋದರು.

ಮೊದಲರ್ಧದಲ್ಲಿ ಏಳು ಜನ ತಡವಾಗಿ ಬಂದರು. ಏಳೂ ಜನರಿಗೆ ಬೇರೆ ಬೇರೆ ಸಾಲು. ಒಬ್ಬರು ತಮ್ಮ ಸೀಟು ಅದಲ್ಲವೆಂದು ಮತ್ತೆ ಎದ್ದು ಬಂದರು. ಬಾಗಿಲಕ್ಕ ಹೋದಳು, ಹಿಂದೆ ಹಿಂದೆ ಬಂದಳು, ಹೋದಳು, ಬಂದಳು. ಬೂಟು ಕಮಕ್ ಕಿಮಕ್ ಎನ್ನಲಿಲ್ಲ. ಅವಳೂ ಎನ್ನಲಿಲ್ಲ. ಇಂಟರ್ವಲ್ಲಿನ ಹೊತ್ತಿಗೆ ಎಡಗಾಲು ತನ್ನದೋ ಬೇರೆಯವರದೋ ತಿಳಿಯದಾಗಿತ್ತು. ಬೇರೆಯವರದಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ ಎಂದುಕೊಂಡಳು.

ಎರಡನೇ ಅರ್ಧಕ್ಕೆ ಬಾಗಿಲು ಮುಚ್ಚಿತು, ದೀಪ ಆರಿತು. ಇನ್ನು ಕೃತಿ ಮುಗಿಯುವವರೆಗೆ ಯಾರನ್ನೂ ಒಳಗೆ ಬಿಡುವಂತಿರಲಿಲ್ಲ. ಅವಳು ಪರದೆಯ ಹಿಂದೆ ತನ್ನ ಜಾಗದಲ್ಲಿ ನಿಂತಳು. ಪಿಯಾನೋದ ಮುದುಕ ಈಗ ಇನ್ನಷ್ಟು ಮುದುಕ. ಕುರ್ಚಿಯವರೆಗೆ ಬರುವುದಕ್ಕೆ ಅವನಿಗೂ ಹೊತ್ತು ಹಿಡಿದಿತ್ತು. ನುಡಿಸತೊಡಗಿದ. ಅವಳು ಗುನುಗು ಕೇಳಲು ನೋಡಿದಳು. ಕೇಳಿಸಲಿಲ್ಲ. ಕಿವಿಯಲ್ಲಿ ಹಿಮ್ಮಡಿಯೇ ಬಡಿಯುತ್ತಿತ್ತು. ಇಷ್ಟಕ್ಕಾಗಿ ಇಷ್ಟೆಲ್ಲ ಮಾಡಿದ್ದಾಯಿತು. ಈಗ ಅದೇ ಕೇಳಿಸುತ್ತಿಲ್ಲ! ಅವಳಿಗೆ ಗಂಡನ ಮೇಲೆ, ಡಾಕ್ಟರ ಮೇಲೆ, ಬೂಟು ಹೊಲಿಯುವ ಸಮಸ್ತರ ಮೇಲೆ ಸಿಟ್ಟು ನೆತ್ತಿಗೇರಿತು. ಗಂಡನ ಮೇಲಿನ ಸಿಟ್ಟು ಮಾತ್ರ, ಬೂಟನ್ನಷ್ಟೇ ಕಳ್ಸು ಎಂದ ಅವನ ಮಾತು ನೆನಪಾಗಿ, ಅರ್ಧ ದಾರಿಯಲ್ಲಿ ನಿಂತಿತು.

ಅವಳು ಬಾಗಿಲಿಗೆ ಕೈಯೂರಿ ಒಂದು ಕಾಲು ಬಿಡಿಸಿಕೊಂಡಳು. ಆಮೇಲೆ ಇನ್ನೊಂದು. ಬೂಟುಗಳು ನಿಂತಲ್ಲೇ ನಿಂತಿದ್ದವು, ಮೂತಿ ಪರದೆಯ ಕೆಳಗೆ ಎಂದಿನಷ್ಟೇ ಹೊರಗೆ. ಗಂಡನ ದಪ್ಪ ಕಾಲುಚೀಲದಲ್ಲಿ ಎರಡು ಹೆಜ್ಜೆ ಸರಿದು, ಮೂಲೆಯಲ್ಲಿ ಬೆಂಕಿ ಆರಿಸಲೆಂದು ಮರಳು ತುಂಬಿಟ್ಟ ಪೆಟ್ಟಿಗೆಯ ಮುಚ್ಚಳದ ಮೇಲೆ ಕೂತಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

ನಿಧಾನದ ಭಾಗ ಶುರುವಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಬೆಳಕಿನ ಒಂದು ದುಂಡು ಚುಕ್ಕೆ ನೆಲದ ಮೇಲೆ ತೆವಳುತ್ತಾ ಬಂತು. ಪರದೆಯ ಕೆಳಗೆ ಬಲಗಾಲಿನ ಬೂಟನ್ನು ನೋಡಿತು, ಎಡಗಾಲಿನದನ್ನು ನೋಡಿತು, ಹೊರಟಿತು. ಅರ್ಧ ಮೊಳ ಹೋಗಿ ಮತ್ತೆ ಬಂತು. ಬಾಗಿಲಕ್ಕ ಉಸಿರು ಹಿಡಿದಳು. ಕಳಚುವ ಅವಸರದಲ್ಲಿ ಎಡಗಾಲಿನ ಬೂಟಿನ ಮೂತಿ ಓರೆಗೆ ತಿರುಗಿತ್ತು. ಒಳಗೆ ಕಾಲಿದ್ದಿದ್ದರೆ ಯಾವ ಕಾಲೂ ಹಾಗೆ ನಿಲ್ಲುವಂತಿರಲಿಲ್ಲ.

ಬೆಳಕು ಅಲ್ಲೇ ನಿಂತಿತು. ಆಮೇಲೆ ಪರದೆಯ ಕೆಳಗಿನಿಂದ ಒಂದು ಕೈ ಬಂತು. ಅಂಗಿಯ ತೋಳು ಅಳತೆಗೆ ಮಡಿಸಿತ್ತು. ಎರಡು ಬೆರಳಿನಿಂದ ಎಡಗಾಲಿನ ಬೂಟನ್ನು ಹಿಡಿದು ಬಲಗಾಲಿನದರ ಪಕ್ಕಕ್ಕೆ ನೇರವಾಗಿ ಇಟ್ಟಿತು. ಸಾಲದೆಂದು ಇನ್ನೊಂದು ಕೂದಲಷ್ಟು ಸರಿಸಿತು. ಟಾರ್ಚು ಆರಿತು.

ಕತ್ತಲೆಯಲ್ಲಿ, ಚಾವಣಿಯ ಆ ಬಾಗಿನಿಂದ ಇಳಿದು, ಮುದುಕನ ಗುನುಗು ಬಂತು, ಹನ್ನೊಂದು ವರ್ಷದ ಹಿಂದಿನ ಅದೇ ಅಪಸ್ವರದಲ್ಲಿ. ಬಾಗಿಲಕ್ಕ ಕಾಲುಚೀಲದೊಳಗೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.