ಅನ್ನಪೂರ್ಣಾಳ ಕೆಲಸ ಹೋದದ್ದು

ಸಂಪಗಾಂವದ ಸಾವಿತ್ರೆವ್ವನ ಮಗಳು ಅನ್ನಪೂರ್ಣಾಳಿಗೆ ಮೂವತ್ತರ ಹತ್ತಿರ ವಯಸ್ಸು. ಬುದ್ಧಿ ಮಾತ್ರ ಸಣ್ಣ ಮಕ್ಕಳದು ಎಂದು ಊರವರು ಹೇಳುತ್ತಿದ್ದರು. ಮಾತು ತೊದಲುತ್ತಿತ್ತು, ಏನನ್ನೇ ಕಲಿಯಲೂ ಬಹಳ ಕಾಲ ಹಿಡಿಯುತ್ತಿತ್ತು. ಶಾಲೆ ಬಿಡಿಸಿದ ಮೇಲೆ ಆಕೆ ಮನೆಯೊಳಗೇ ದೊಡ್ಡವಳಾದಳು. ಬೈಲಹೊಂಗಲದಲ್ಲಿ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಜೋಳದ ರೊಟ್ಟಿ ಮಾಡಿ ಮಾರುವ ರಾಯವ್ವ ಅವರಿಗೆ ದೂರದ ಸಂಬಂಧಿ. ಒಮ್ಮೆ ಮನೆಗೆ ಬಂದವಳು, "ನನ್ನ ಕಡೆ ಕಳಸ ಸಾವಿತ್ರಿ, ಕಲೀತಾಳ," ಎಂದಳು.

ರೊಟ್ಟಿ ಬಡಿಯುವುದು ಅನ್ನಪೂರ್ಣಾಳಿಗೆ ಕೊನೆಗೂ ಬರಲಿಲ್ಲ. ರಾಯವ್ವ ಬೇಸರಪಡದೆ, ಬೆಂದ ರೊಟ್ಟಿಯನ್ನು ಬಟ್ಟೆಯ ಮೇಲೆ ಹರಡುವ, ಆರಿದ ಮೇಲೆ ಬುಟ್ಟಿಗೆ ಜೋಡಿಸುವ ಕೆಲಸ ಕೊಟ್ಟಳು. ಅದು ಒಗ್ಗಿತು. ಕ್ರಮೇಣ ಒಬ್ಬಳೇ ಬಸ್ಸಿನಲ್ಲಿ ಹೋಗಿಬರತೊಡಗಿದಳು. ಅಲ್ಲಿಯ ಹೆಂಗಸರು ಆಕೆಯ ಜಡೆ ಹೆಣೆಯುತ್ತಿದ್ದರು, ತಮ್ಮ ಸೊಸೆಯಂದಿರ ಜಗಳ ಹೇಳುತ್ತಿದ್ದರು. ಸಂಜೆ ಮನೆಗೆ ಬಂದವಳು ಅದನ್ನೆಲ್ಲ ಅವ್ವನಿಗೆ ಒಪ್ಪಿಸುತ್ತಿದ್ದಳು. "ನಮ್ಮ ಮಂದಿ ಹಿಂಗ ಅಂದ್ರು," ಎನ್ನುವಾಗ ಮುಖ ಅರಳುತ್ತಿತ್ತು.

ಒಂದು ದಿನ ರೊಟ್ಟಿ ಒಯ್ಯಲು ಬಂದ ಯಾರೋ ಆಕೆಯ ವಿಡಿಯೋ ಮಾಡಿಕೊಂಡರು. ಬಾಯಿ ತೆರೆದು ನಗುತ್ತ ರೊಟ್ಟಿ ಜೋಡಿಸುತ್ತಿದ್ದಳು, ಅಷ್ಟೇ. "ಇಂಥವರ ಕೈಯಾಗಿನ ರೊಟ್ಟಿ ತಿಂತೀರೇನು?" ಎಂದು ಬರೆದು ಬಿಟ್ಟರು. ಅದು ಊರೆಲ್ಲ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು.

ರಾಯವ್ವನ ರೊಟ್ಟಿ ಹೆಚ್ಚಾಗಿ ಹೋಗುತ್ತಿದ್ದದ್ದು ಲಗಮಣ್ಣನ ಖಾನಾವಳಿಗೆ. ಆತ ಬಂದು ಬಾಗಿಲಲ್ಲೇ ನಿಂತ.

"ಆಕಿ ಇರೂತನಕಾ ನನಗ ರೊಟ್ಟಿ ಬ್ಯಾಡ್ರಿ ಅಕ್ಕಾರ."

"ಆಕಿ ಕೈ ತೊಳಕೊಂಡಷ್ಟು ನೀವೂ ತೊಳಕೊಳ್ಳೂದಿಲ್ಲ, ನಾನೂ ತೊಳಕೊಳ್ಳೂದಿಲ್ಲ."

"ನನಗ ಗೊತ್ತೈತ್ರಿ. ಉಣ್ಣಾಕ ಕುಂತ ಮಂದಿಗೆ ಯಾರು ಹೇಳ್ಬೇಕು?"

ಕೆಲವು ದಿನ ರಾಯವ್ವ ಹಟ ಹಿಡಿದಳು. ಮಾಡಿದ ರೊಟ್ಟಿ ಹಾಗೇ ಉಳಿಯತೊಡಗಿತು. ಜೊತೆಯ ಹೆಂಗಸರ ಮನೆಗಳೂ ಅದೇ ಒಲೆಯ ಮೇಲೆ ನಡೆಯುತ್ತಿದ್ದವು. ಕೊನೆಗೆ ರಾಯವ್ವನೇ ಸಂಪಗಾಂವಕ್ಕೆ ಬಂದಳು.

"ಸಾವಿತ್ರಿ, ನನ್ನ ಕೈಯಾಗ ಆಗವಲ್ದು," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಸಾವಿತ್ರೆವ್ವ ಚಹಾ ಇಟ್ಟಳು. ಬೈಯಬೇಕೆಂದರೂ ಯಾರನ್ನು ಬೈಯುವುದೆಂದು ತಿಳಿಯಲಿಲ್ಲ.

ಮರುದಿನ ಮಗಳಿಗೆ, "ಇವತ್ತ ಕೆಲಸಕ್ಕ ಸೂಟಿ ಐತಿ," ಎಂದು ಸುಳ್ಳು ಹೇಳಿದಳು. ಅದರ ಮರುದಿನವೂ ಹೇಳಿದಳು. ಆಮೇಲೊಂದು ಮುಂಜಾನೆ ಅವ್ವ ನೀರಿಗೆ ಹೋದಾಗ ಅನ್ನಪೂರ್ಣಾ ಬಸ್ಸು ಹತ್ತಿಬಿಟ್ಟಳು. ಸಾವಿತ್ರೆವ್ವ ಮುಂದಿನ ಬಸ್ಸು ಹಿಡಿದು ಓಡೋಡಿ ಹೋಗಿ ಮುಟ್ಟುವಷ್ಟರಲ್ಲಿ ಮಗಳು ತನ್ನ ಜಾಗದಲ್ಲಿ ಕುಳಿತು ಬಟ್ಟೆ ಹಾಸುತ್ತಿದ್ದಳು. ರಾಯವ್ವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಕೈ ಹಿಡಿದು ಎಬ್ಬಿಸಿದ್ದು ಅವ್ವನೇ.

ಬಸ್ ಸ್ಟ್ಯಾಂಡಿನಲ್ಲಿ ಅನ್ನಪೂರ್ಣಾ ಕೇಳಿದಳು, "ನಾ ಏನ್ ತಪ್ಪ ಮಾಡೀನಿ ಯವ್ವಾ?"

"ಏನೂ ಮಾಡಿಲ್ಲವ್ವ."

"ಮತ್ತ ಯಾಕ ಬ್ಯಾಡ?"

ಸಾವಿತ್ರೆವ್ವ ಮಗಳ ಕೈ ಹಿಡಿದು ಊರಿನ ಬಸ್ಸು ಹತ್ತಿಸಿದಳು.

ಲಗಮಣ್ಣ ಮತ್ತೆ ರೊಟ್ಟಿ ಒಯ್ಯತೊಡಗಿದ. ರಾಯವ್ವ ಹಿಟ್ಟು ಕಳಿಸಿ, ಮನೆಯಲ್ಲೇ ರೊಟ್ಟಿ ಮಾಡಿ ಕೊಡಿರಿ, ಅನ್ನಪೂರ್ಣಾ ಜೋಡಿಸಿದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಹೇಳಿಕಳಿಸಿದಳು. ಸಾವಿತ್ರೆವ್ವ ಬಡಿದು ಬೇಯಿಸಿ, ಜೋಡಿಸಲೆಂದು ಮಗಳ ಮುಂದೆ ಇಟ್ಟಳು. ಅನ್ನಪೂರ್ಣಾ ಒಂದನ್ನೂ ಮುಟ್ಟಲಿಲ್ಲ.

"ಇಲ್ಲೆ ಯಾರೂ ಇಲ್ಲಲ್ಲ," ಎಂದಳು.

ಸಾವಿತ್ರೆವ್ವ ಊರಿನಲ್ಲಿ ಬೇರೆ ಕಡೆಗಳಲ್ಲಿ ಮಗಳಿಗೆ ಕೆಲಸ ಕೇಳಿದಳು. ಹೊಲಿಗೆ ಅಂಗಡಿಯವರು, ಕಿರಾಣಿಯವರು, "ನೋಡೋಣ್ರಿ," ಎಂದರು. ಇನ್ನೂ ಯಾರೂ ಕರೆದಿಲ್ಲ.