ಅಧ್ಯಕ್ಷರ ಮೇಜಿನ ಸುಟ್ಟ ಗುರುತು

ನಮ್ಮ ಡಾಗ್‌ವುಡ್ ನೌಕೆಯನ್ನು ನೋಡಲು ಬರುವವರು ತಪ್ಪದೆ ಎರಡು ಪ್ರಶ್ನೆ ಕೇಳುತ್ತಾರೆ. ಒಂದು, ಅಧ್ಯಕ್ಷರ ಕಕ್ಕಸು ಎಲ್ಲಿದೆ ಅಂತ. ಇನ್ನೊಂದು, ಮೇಜಿನ ಮೇಲಿನ ಸುಟ್ಟ ಗುರುತು ಯಾರಿಂದ ಆಯಿತು ಅಂತ. ಮೊದಲನೆಯದಕ್ಕೆ ನಾನು ಯಾವಾಗಲೂ ನಿಜವನ್ನೇ ಹೇಳಿದ್ದೇನೆ. ಎರಡನೆಯದಕ್ಕೆ ಹನ್ನೊಂದು ವರ್ಷ ಸುಳ್ಳು ಹೇಳಿದೆ.

ನನ್ನ ಹೆಸರು ಫೌಸ್ಟೊ ಡುಮ್ಲಾವ್. ಹುಟ್ಟಿದ್ದು ಫಿಲಿಪೀನ್ಸಿನ ಇಲೋಕೋಸ್ ಸೀಮೆಯಲ್ಲಿ, ಮುದುಕನಾಗಿದ್ದು ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ. ನಡುವಿನ ವಯಸ್ಸನ್ನು ಅಮೆರಿಕದ ನೌಕಾಪಡೆ ತಿಂದಿತು. ಆ ಕಾಲದಲ್ಲಿ ನಮ್ಮ ಕಡೆಯ ಹುಡುಗರನ್ನು ಅವರು ಸೇರಿಸಿಕೊಳ್ಳುತ್ತಿದ್ದದ್ದು ಒಂದೇ ಕೆಲಸಕ್ಕೆ, ಅಡುಗೆ ಮಾಡಿ ಬಡಿಸುವುದಕ್ಕೆ. ಲೆಕ್ಕದಲ್ಲಿ ನೂರಕ್ಕೆ ತೊಂಬತ್ತು ತೆಗೆದವನಿಗೂ ಸೌಟೇ ಗತಿ. ನನ್ನ ಸೌಟಿಗೆ ಮಾತ್ರ ಅದೃಷ್ಟವಿತ್ತು, ಅದು ಸೀದಾ ಅಧ್ಯಕ್ಷರ ನೌಕೆಗೆ ಹೋಯಿತು.

ಡಾಗ್‌ವುಡ್‌ನ ಜಾತಕ ನನಗೆ ಬಾಯಿಪಾಠ. ಅದನ್ನು ಕಟ್ಟಿಸಿದವನು ಒಬ್ಬ ಸಾಬೂನಿನ ಸಾಹುಕಾರ, ಹೆಂಡತಿಯ ಮೇಲಿನ ಪ್ರೀತಿಗೆ. ಆ ಹೆಂಗಸಿಗೆ ನೀರಿನ ಮೇಲೆ ಕಾಲಿಟ್ಟರೆ ವಾಂತಿ. ಹಾಗಾಗಿ ನೌಕೆ ಸರ್ಕಾರದ ಪಾಲಾಯಿತು. ಒಬ್ಬ ಅಧ್ಯಕ್ಷರು ಅದರಲ್ಲಿ ಕೂತು ಮೀನು ಹಿಡಿದರು, ಇನ್ನೊಬ್ಬರು ಇಸ್ಪೀಟು ಆಡಿದರು, ಮತ್ತೊಬ್ಬರು ಮನೆಯಲ್ಲಿ ಜಗಳವಾದಾಗಲೆಲ್ಲ ಬಂದು ಮಲಗಿದರು. ಒಪ್ಪದ ಸೆನೆಟರನ್ನು ನದಿಯ ಮಧ್ಯಕ್ಕೆ ಕರೆತಂದು, ತಲೆಯಾಡಿಸುವ ತನಕ ದಡ ತೋರಿಸದವರೂ ಇದ್ದರು. ಕೊನೆಗೆ ಬಂದ ಒಬ್ಬ ಜಿಪುಣ ಅಧ್ಯಕ್ಷರು ಇದು ದಂಡದ ಖರ್ಚು ಎಂದು ಹರಾಜು ಹಾಕಿಸಿದರು. ಆಮೇಲೆ ಡಾಗ್‌ವುಡ್ ಮದುವೆ ನೌಕೆಯಾಯಿತು, ಏಡಿ ತಿನ್ನುವ ಹೋಟೆಲಾಯಿತು, ಹತ್ತು ವರ್ಷ ಕೆಸರಿನಲ್ಲಿ ಹೂತು ನೀರುನಾಯಿಗಳ ಬಾಣಂತಿಕೋಣೆಯೂ ಆಯಿತು. ಅಲ್ಲಿಂದ ಎತ್ತಿ ತಂದು, ತೊಳೆದು, ಮ್ಯೂಸಿಯಂ ಮಾಡಿದವರು ವಿನಿಫ್ರೆಡ್ ಟಾಲಿವರ್. ನಿವೃತ್ತ ಇತಿಹಾಸ ಮೇಡಂ. ಆಕೆಗೆ ಗಂಡ ಮಕ್ಕಳೆಲ್ಲ ಇದೇ ನೌಕೆ. ಬಂದವರಿಗೆ ನೌಕೆ ತೋರಿಸುವ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡರು.

ಈ ನೌಕೆಯ ಊಟದ ಮೇಜು ಮಹೋಗನಿ ಮರದ್ದು, ಮುಖ ನೋಡಿಕೊಳ್ಳುವಷ್ಟು ನುಣುಪು. ಅದರ ನಟ್ಟನಡುವೆ ಒಂದು ಕಪ್ಪು ವೃತ್ತ. ಪೂರ್ತಿ ವೃತ್ತವೂ ಅಲ್ಲ, ಮೂರು ಕಡೆ ಬೆರಳಗಲ ಬಿಟ್ಟುಹೋಗಿದೆ. ಪಕ್ಕದಲ್ಲಿ ವಿನಿಫ್ರೆಡ್ ನೇತುಹಾಕಿದ್ದ ಕಾಗದ ಹೀಗೆ ಹೇಳುತ್ತಿತ್ತು: ‘ಯುದ್ಧವೋ ಶಾಂತಿಯೋ ಎಂದು ನಿರ್ಧರಿಸಬೇಕಾದ ಗಳಿಗೆಯಲ್ಲಿ ಚಿಂತಾಮಗ್ನರಾಗಿದ್ದ ಅಧ್ಯಕ್ಷರು ಕುದಿಯುವ ಕಾಫಿ ಪಾತ್ರೆಯನ್ನು ಸ್ವತಃ ಇಲ್ಲಿಟ್ಟು ಮೈಮರೆತರು.’ ಆ ಮೂರು ಖಾಲಿ ಜಾಗ ಅಧ್ಯಕ್ಷರು ನಿದ್ದೆಗೆಟ್ಟ ಮೂರು ದಿನಗಳ ಹಾಗಿವೆ ಎಂದು ಆಕೆ ಬಾಯಲ್ಲಿ ಸೇರಿಸುತ್ತಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು.

ನಡೆದದ್ದನ್ನು ಹೇಳುತ್ತೇನೆ. ಯುದ್ಧವೂ ಇಲ್ಲ, ಕಾಫಿಯೂ ಇಲ್ಲ. ಮಟಮಟ ಮಧ್ಯಾಹ್ನ. ಅಧ್ಯಕ್ಷರ ಹೆಸರು ಬೇಡ, ಹೇಳಿದರೆ ನೀವು ಪಕ್ಷ ಕಟ್ಟಿಕೊಂಡು ಕಚ್ಚಾಡುತ್ತೀರಿ. ಅತಿಥಿಗಳ ಊಟ ಮುಗಿದು ಎಲ್ಲರೂ ಹೊರಗೆ ಗಾಳಿಗೆ ನಿಂತಿದ್ದರು. ನಾನು ನಮ್ಮ ಹುಡುಗರಿಗೆಂದು ಅಡೋಬೋ ಮಾಡಿದ್ದೆ. ಕೋಳಿಯನ್ನು ವಿನಿಗರ್, ಸೋಯಾ, ಬೆಳ್ಳುಳ್ಳಿ, ಮೆಣಸು ಹಾಕಿ ಬೇಯಿಸುವುದು. ಎರಕದ ಕಬ್ಬಿಣದ ಪಾತ್ರೆ, ಒಲೆಯಿಂದ ಆಗಷ್ಟೇ ಇಳಿಸಿದ್ದು. ನೌಕೆಯ ಬದಿಯ ಓಣಿಯ ತುಂಬ ಅತಿಥಿಗಳಿದ್ದರು, ಊಟದ ಮನೆ ಖಾಲಿ ಇತ್ತು. ಅಲ್ಲಿಂದ ಹಾದುಹೋಗಬಾರದು ಅಂತ ಕಟ್ಟಪ್ಪಣೆ. ಹಸಿದವನಿಗೆ ಅಪ್ಪಣೆ ಎಲ್ಲಿ ಕಾಣುತ್ತದೆ? ಒಳಗೆ ನುಗ್ಗಿದೆ.

ಮೇಜಿನ ಪಕ್ಕಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿತು.

ಪೊಟೋಮ್ಯಾಕ್ ನದಿಯಲ್ಲಿ ಮೌಂಟ್ ವರ್ನನ್ ದಾಟುವಾಗ, ಅಲ್ಲಿರುವ ಮೊದಲ ಅಧ್ಯಕ್ಷರ ಸಮಾಧಿಗೆ ನೌಕಾಪಡೆಯ ಯಾವ ಹಡಗಾದರೂ ಗಂಟೆ ಬಾರಿಸಿ ಗೌರವ ಕೊಡಬೇಕು. ಆಮೇಲೆ ಕಹಳೆ, ಆಮೇಲೆ ರಾಷ್ಟ್ರಗೀತೆ. ಯಾರು ಎಲ್ಲಿದ್ದರೆ ಅಲ್ಲೇ, ಕೈಯಲ್ಲಿದ್ದದ್ದನ್ನು ಇಟ್ಟು, ಸಮಾಧಿಯ ಕಡೆ ತಿರುಗಿ ನೆಟ್ಟಗೆ ನಿಲ್ಲಬೇಕು. ನಮ್ಮ ಕ್ಯಾಪ್ಟನ್ ಹ್ಯಾಸ್ಕೆಲ್ ಇದನ್ನು ನಮ್ಮ ಮೂಳೆಗೆ ಇಳಿಸಿದ್ದ. ನಾನು ಇಟ್ಟೆ. ತಿರುಗಿದೆ. ನಿಂತೆ. ಗಂಟೆ ಮುಗಿದು, ಕಹಳೆ ಮುಗಿದು, ಹಾಡಿನ ಕೊನೆಯ ಸಾಲಿನ ಹೊತ್ತಿಗೆ ಮೂಗಿಗೆ ಸುಟ್ಟ ವಾಸನೆ ಬಂತು.

ಪಾತ್ರೆ ಎತ್ತಿದೆ. ಎತ್ತುವುದಕ್ಕೂ ಕ್ಯಾಪ್ಟನ್ ಒಳಗೆ ಬರುವುದಕ್ಕೂ ಸರಿಹೋಯಿತು.

“ಯಾವ ಕತ್ತೆ ಮಾಡಿದ್ದೋ ಇದು?” ಅಂತ ಕಿರುಚಿದ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೂ ಬೇಕಿರಲಿಲ್ಲ, ಪಾತ್ರೆ ನನ್ನ ಕೈಯಲ್ಲೇ ಇತ್ತು. ನಾಳೆಯೇ ನನ್ನನ್ನು ಊರಿಗೆ ಕಳಿಸುತ್ತಾರೆ ಅಂದುಕೊಂಡೆ. ಅಮ್ಮನಿಗೆ ಏನು ಹೇಳಲಿ ಎಂದು ಯೋಚಿಸತೊಡಗಿದೆ.

ಅಷ್ಟರಲ್ಲಿ ಅವನ ಹಿಂದಿನಿಂದ ಅಧ್ಯಕ್ಷರು ಬಂದರು. ಮೇಜು ನೋಡಿದರು, ಪಾತ್ರೆ ನೋಡಿದರು, ನನ್ನ ಮುಖ ನೋಡಿದರು.

“ನಾನೇ ಇಟ್ಟೆ, ಕ್ಯಾಪ್ಟನ್,” ಅಂದರು. “ಕಾಫಿ ಪಾತ್ರೆ. ಬಯ್ಯೋದಿದ್ರೆ ನನ್ನ ಬಯ್ಯಿ.”

ಅಧ್ಯಕ್ಷರು ನನ್ನ ಕಡೆ ಬಗ್ಗಿ, “ಅದರಲ್ಲಿ ಏನಯ್ಯಾ ಇದೆ, ಇಷ್ಟು ಘಮ ಅಂತಿದೆ? ಒಂದು ತಟ್ಟೆ ತಗೊಂಡ್ ಬಾ,” ಅಂದರು. ಅದೇ ಮೇಜಿನಲ್ಲಿ ಕೂತು, ಎರಡು ಸಲ ಅನ್ನ ಹಾಕಿಸಿಕೊಂಡು ತಿಂದರು. ಕ್ಯಾಪ್ಟನ್ ಹಲ್ಲು ಕಡಿಯುತ್ತ ನೌಕೆಯ ದಿನಚರಿಯಲ್ಲಿ ಬರೆದ: ‘ಅಧ್ಯಕ್ಷರ ಕಾಫಿ ಪಾತ್ರೆಯಿಂದ ಮೇಜಿಗೆ ಗುರುತು.’ ವಿನಿಫ್ರೆಡ್‌ಗೆ ಸಿಕ್ಕಿದ ಸಾಕ್ಷಿ ಆ ಒಂದು ಸಾಲು. ಉಳಿದ ಯುದ್ಧವನ್ನೆಲ್ಲ ಆಮೇಲಿನವರು ಸಾರಿದರು.

ನೌಕೆ ಹರಾಜಾದಾಗ ಬೆಳ್ಳಿ ಚಮಚಗಳಿಗೆ ಜನ ಕಿತ್ತಾಡಿದರು. ಆ ಕಬ್ಬಿಣದ ಪಾತ್ರೆ ಯಾರಿಗೂ ಬೇಡವಾಗಿತ್ತು. ನಾನು ಮನೆಗೆ ಹೊತ್ತುಕೊಂಡು ಹೋದೆ. ನನ್ನ ಹೆಂಡತಿ ಫಿಡೆಲಾ ಇವತ್ತಿಗೂ ಅದರಲ್ಲೇ ಅಡುಗೆ ಮಾಡುತ್ತಾಳೆ.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತು. ಕಳೆದ ವಸಂತದಲ್ಲಿ ವಿನಿಫ್ರೆಡ್ ನೌಕೆಯ ರಿಪೇರಿಗೆ ಕೈಹಾಕಿದರು. ಬಡಗಿ ಆನ್ಸೆಲ್ ಪ್ರೂಯಿಟ್ ಬಂದ. ಅವನೂ ಹಳೆಯ ನೌಕಾಪಡೆಯವನೇ, ನನ್ನನ್ನು ಚೀಫ್ ಅಂತಲೇ ಕರೆಯುವುದು. ವಿನಿಫ್ರೆಡ್ ರಿಪೇರಿಗೆ ಒಂದು ನಿಯಮ ಬರೆದು ಗೋಡೆಗೆ ಅಂಟಿಸಿದರು: ‘ಅಧ್ಯಕ್ಷರಿಂದಾದ ಗುರುತುಗಳನ್ನು ಉಳಿಸುವುದು. ಸಿಬ್ಬಂದಿಯಿಂದಾದ ಹಾನಿಯನ್ನು ಸರಿಪಡಿಸುವುದು.’ ಆನ್ಸೆಲ್ ಅದರಂತೆ ಕೀಸುಳಿ ಹಿಡಿದು, ಅಡುಗೆಮನೆ ಬಾಗಿಲಿನ ಮೇಲೆ ನನ್ನ ಜೊತೆ ಬಡಿಸುತ್ತಿದ್ದ ಬೆನಿಗ್ನೊ ಕೆತ್ತಿದ್ದ ತನ್ನ ಹೆಸರನ್ನು ಅಳಿಸಿದ. ಬೆನಿಗ್ನೊ ಸತ್ತು ಇಪ್ಪತ್ತು ವರ್ಷ. ಆ ದಿನ ನನಗೆ ಅನ್ನ ಸೇರಲಿಲ್ಲ.

ಮೇಜಿನ ಗುರುತಿಗೆ ಮಾತ್ರ ರಾಜಮರ್ಯಾದೆ. ಕಾಗದದ ಬದಲು ಕಂಚಿನ ಫಲಕ ಬರುತ್ತದಂತೆ. ನಾನು ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ. ನಿಜ ಹೇಳಿದರೆ ಅದು ‘ಸಿಬ್ಬಂದಿಯಿಂದಾದ ಹಾನಿ’, ಸೋಮವಾರ ಆನ್ಸೆಲ್ ಉಜ್ಜಿಬಿಡುತ್ತಾನೆ. ಸುಮ್ಮನಿದ್ದರೆ ಗುರುತು ಉಳಿಯುತ್ತದೆ, ಆದರೆ ನನ್ನದಾಗಿ ಅಲ್ಲ. ಇಡೀ ನೌಕೆಯಲ್ಲಿ ನಾವು ದುಡಿದದ್ದಕ್ಕೆ ಇನ್ನೊಂದು ಗುರುತಿರಲಿಲ್ಲ.

“ಹೇಳಿಬಿಡ್ಲಾ?” ಅಂತ ಫಿಡೆಲಾಳನ್ನು ಕೇಳಿದೆ.

“ಹೇಳು, ಹೇಳು. ನಿನಗೋಸ್ಕರ ಸುಳ್ಳು ಹೇಳಿದ ಪುಣ್ಯಾತ್ಮನ್ನ ಸುಳ್ಳುಗಾರ ಮಾಡು.”

“ಹಾಗಾದ್ರೆ ಸುಮ್ನಿರ್ಲಾ?”

“ಇರು. ರಾತ್ರಿಯೆಲ್ಲ ಮಗ್ಗಲು ಬದಲಾಯಿಸ್ತಾ ನನ್ನ ಹೊದಿಕೆ ಎಳ್ಕೋ. ಮೇಜು ಸುಟ್ಟಿದ್ದು ನೀನು, ಚಳೀಲಿ ಸಾಯೋಳು ನಾನು.”

“ಏನಾದ್ರೂ ಒಂದು ಹೇಳೇ, ಮಾರಾಯ್ತಿ.”

“ನೀನೇ ಹೇಳ್ಬೇಕು, ಮುದುಕಪ್ಪಾ. ನಾನು ಆ ದೋಣಿ ಮೇಲೆ ಇರ್ಲಿಲ್ಲ.”

ಫಲಕ ತೋರಿಸುವ ದಿನ ಮೌಂಟ್ ವರ್ನನ್ ತನಕ ಹಳೆಯ ಪದ್ಧತಿಯಲ್ಲೇ ಒಂದು ಸವಾರಿ ಏರ್ಪಾಡಾಯಿತು. ವಿನಿಫ್ರೆಡ್ ನನ್ನ ಹತ್ತಿರ, “ಮಿಸ್ಟರ್ ಡುಮ್ಲಾವ್, ಊಟಕ್ಕೆ ನಿಮ್ಮ ಆ ಕೋಳಿ ಅಡುಗೆ ಮಾಡ್ತೀರಾ? ಎಲ್ಲರೂ ಹೊಗಳ್ತಾರೆ,” ಅಂದರು. ಮಾಡಿದೆ. ಮನೆಯ ಪಾತ್ರೆಯಲ್ಲೇ ತಂದು, ನೌಕೆಯ ಒಲೆಯ ಮೇಲೆ ಮತ್ತೆ ಕುದಿಸಿದೆ. ಸುಮ್ಮನಿರುವುದು ಎಂದು ಅಷ್ಟರಲ್ಲಿ ತೀರ್ಮಾನಿಸಿದ್ದೆ.

ಅತಿಥಿಗಳು ಹೊರಗೆ ಗಾಳಿಗೆ ನಿಂತಿದ್ದರು, ಓಣಿಯ ತುಂಬ ಅವರೇ. ಊಟದ ಮನೆಯಲ್ಲಿ ವಿನಿಫ್ರೆಡ್ ಮತ್ತು ಆನ್ಸೆಲ್ ಫಲಕಕ್ಕೆ ಪರದೆ ಕಟ್ಟುತ್ತಿದ್ದರು. ನಾನು ದಪ್ಪ ಬಟ್ಟೆಯಲ್ಲಿ ಪಾತ್ರೆ ಹಿಡಿದು ಒಳಗೆ ಬಂದೆ.

ಗಂಟೆ ಬಾರಿಸಿತು.

ತಲೆ ಮರೆತದ್ದನ್ನು ಮೈ ಮರೆತಿರಲಿಲ್ಲ. ಇಟ್ಟೆ. ತಿರುಗಿದೆ. ನಿಂತೆ. ಬೇಕೆಂದೇ ಮಾಡಿದೆ ಅಂತ ಫಿಡೆಲಾ ಇವತ್ತಿಗೂ ಅನ್ನುತ್ತಾಳೆ. ಅವಳ ಮಾತು ಬಿಡಿ. ಆನ್ಸೆಲ್ ಕೂಡ ಸುತ್ತಿಗೆ ಇಟ್ಟು ನಿಂತ. ಅದನ್ನು ನೋಡಿ ವಿನಿಫ್ರೆಡ್ ಕೂಡ ಎದೆಯ ಮೇಲೆ ಕೈಯಿಟ್ಟು ನಿಂತರು. ಕಣ್ಣು ಮಾತ್ರ ಪಾತ್ರೆಯ ಮೇಲೆ, ಮುಖ ಬಿಳಿಚಿತ್ತು. ಹಾಡು ಮುಗಿದದ್ದೇ ತಡ, ಹಾರಿ ಬಂದರು.

“ಅಯ್ಯೋ, ಎತ್ರೀ! ಅಧ್ಯಕ್ಷರ ಗುರುತಿನ ಮೇಲೇ ಇಟ್ರಲ್ರೀ!”

ಎತ್ತಿದೆ. ಮೇಜಿನ ಮೇಲೆ ಹೊಸ ಗುರುತು ಇರಲಿಲ್ಲ. ಹಳೆಯದೇ ಒಂಚೂರು ಕಪ್ಪಾಗಿತ್ತು. ಆನ್ಸೆಲ್ ಬಗ್ಗಿ ಮೇಜು ನೋಡಿದ. ಆಮೇಲೆ ಮಂಡಿಯೂರಿ, ನನ್ನ ಕೈಯಲ್ಲಿದ್ದ ಪಾತ್ರೆಯ ತಳ ನೋಡಿದ. ಎರಕದ ಪಾತ್ರೆಗಳ ತಳದಲ್ಲಿ ಒಂದು ಅಂಚು ಇರುತ್ತದೆ. ನಮ್ಮದಕ್ಕೆ ಆ ಅಂಚು ಮೂರು ಕಡೆ ತುಂಡಾಗಿದೆ.

“ಚೀಫ್,” ಅಂದ ಆನ್ಸೆಲ್ ಮೆಲ್ಲಗೆ, “ಈ ಪಾತ್ರೆ ಈ ಮೇಜಿಗೆ ಹೊಸದಲ್ಲ, ಅಲ್ವಾ?”

ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ, ಕೋಳಿ, ಕ್ಯಾಪ್ಟನ್, ಎರಡು ಸಲದ ಅನ್ನ. ವಿನಿಫ್ರೆಡ್ ಕುರ್ಚಿ ಹಿಡಿದುಕೊಂಡರು.

“ಹನ್ನೊಂದು ವರ್ಷ! ಸಾವಿರಾರು ಜನಕ್ಕೆ ನನ್ನ ಕೈಲಿ ಸುಳ್ಳು ಹೇಳಿಸಿದ್ರಲ್ಲ, ಮಿಸ್ಟರ್ ಡುಮ್ಲಾವ್! ಒಂದು ಮಾತು ಹೇಳಬಾರದಿತ್ತಾ?”

“ನೀವು ಕ್ಯಾಪ್ಟನ್ ಪುಸ್ತಕಾನ ಕೇಳಿದ್ರಿ, ಮೇಡಂ,” ಅಂದೆ. “ನನ್ನ ಕೇಳ್ಲಿಲ್ಲ.”

ಸಿಟ್ಟಿನಲ್ಲಿ ಹೇಳಿದ್ದು. ಆಕೆಯ ಕಣ್ಣು ಗೋಡೆಗೆ ಅಂಟಿಸಿದ್ದ ನಿಯಮದ ಕಡೆ ಹೋಯಿತು. ನನ್ನದೂ ಹೋಯಿತು.

“ಉಜ್ಜಿಬಿಡು, ಆನ್ಸೆಲ್,” ಅಂದೆ. “ಸಿಬ್ಬಂದಿಯಿಂದಾದ ಹಾನಿ.”

“ನನ್ನ ಕೈಲಾಗಲ್ಲ,” ಅಂದ ಆನ್ಸೆಲ್, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ಸರಿಮಾಡಿಕೊಳ್ಳುತ್ತ. “ಅಧ್ಯಕ್ಷರು ಬಾಯಾರೆ ನಾನೇ ಇಟ್ಟೆ ಅಂದವ್ರೆ. ಕ್ಯಾಪ್ಟನ್ ಬರ್ದವ್ನೆ. ನಾನು ಉಪ್ಪುಕಾಗದ ಮುಟ್ಟಿದ್ರೆ ದೇಶದ ಅಧ್ಯಕ್ಷನ್ನ ಸುಳ್ಳುಗಾರ ಅಂದಂಗಾಯ್ತದೆ. ನಾನೊಬ್ಬ ಬಡಗಿ, ನನಗ್ಯಾಕೆ ಬೇಕು ರಾಜಕೀಯ?”

ವಿನಿಫ್ರೆಡ್‌ಗೆ ಮೊದಲು ನಗು ಬಂತು, ಆಮೇಲೆ ಅಳು, ಆಮೇಲೆ ಎರಡೂ ಒಟ್ಟಿಗೆ. ಚೀಲದಿಂದ ನೋಟ್‌ಪುಸ್ತಕ ತೆಗೆದು, ಅದೇ ಮೇಜಿಗೆ ಕೂತರು.

“ಕೂತ್ಕೊಳ್ಳಿ. ಮೊದಲಿಂದ ಹೇಳಿ. ಬೆನಿಗ್ನೊ ಅಂದ್ರೆ ಯಾರು, ಅದನ್ನೂ ಹೇಳಿ. ಈಗ ಕೇಳ್ತಾ ಇದ್ದೀನಿ.”

ಹೊರಗೆ ಅತಿಥಿಗಳು ಹಸಿದು ಕಾಯುತ್ತಿದ್ದರು. ಕಾಯಲಿ ಅಂದರು ಆಕೆ. ನಾನು ಆ ಮೇಜಿನಲ್ಲಿ ಕೂತದ್ದು ಅದೇ ಮೊದಲು.

ಪರದೆ ಕಟ್ಟಿದ್ದ ಫಲಕವನ್ನು ಆ ದಿನ ಯಾರಿಗೂ ತೋರಿಸಲಿಲ್ಲ. ಈಗಿರುವುದು ಬೇರೆಯದು. ಅದರಲ್ಲಿ ನನ್ನ ಹೆಸರಿದೆ, ಬೆನಿಗ್ನೊ ಹೆಸರಿದೆ, ನಮ್ಮೊಂದಿಗೆ ದುಡಿದ ಹದಿನೇಳು ಜನರದ್ದೂ ಇದೆ. ಗೋಡೆಯ ನಿಯಮವನ್ನು ವಿನಿಫ್ರೆಡ್ ತಾವೇ ಕಿತ್ತು ಕಸದ ಬುಟ್ಟಿಗೆ ಹಾಕಿದರು. ಪಾತ್ರೆಯನ್ನೂ ಮೇಜಿನ ಮೇಲೇ ಇಟ್ಟುಬಿಡೋಣ ಎಂದು ಕೇಳಿಕೊಂಡು ನಮ್ಮ ಮನೆಗೆ ಬಂದಿದ್ದರು. ಫಿಡೆಲಾ ಬಾಗಿಲಲ್ಲೇ ನಿಂತು, “ಇತಿಹಾಸ ನಿಮಗಿರ್ಲಿ ತಾಯಿ, ನಾನು ಅಡುಗೆ ಯಾತರಲ್ಲಿ ಮಾಡ್ಲಿ?” ಅಂದಳು. ಅರ್ಧ ಗಂಟೆ ಚೌಕಾಸಿಯಾಗಿ, ಶನಿವಾರ ಮಾತ್ರ ನೌಕೆಗೆ, ಉಳಿದ ದಿನ ಒಲೆಗೆ ಎಂದು ತೀರ್ಮಾನವಾಯಿತು.

ಹೀಗೆ ಪ್ರತಿ ಶನಿವಾರ ನಾನು ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತೇನೆ. ಬೆಳ್ಳುಳ್ಳಿ ವಾಸನೆಗೆ ಪಕ್ಕದವರು ತಿರುಗಿ ನೋಡುತ್ತಾರೆ, ನೋಡಲಿ. ಮೊನ್ನೆ ಒಹಾಯೊದಿಂದ ಬಂದ ಒಬ್ಬ ಹೆಂಗಸು ಮೊದಲು ಕಕ್ಕಸು ಎಲ್ಲಿ ಅಂತ ಕೇಳಿದಳು. ಬಲಗಡೆ, ತಲೆ ಜೋಪಾನ ಅಂದೆ. ಆಮೇಲೆ ಮೇಜಿನ ಹತ್ತಿರ ಬಂದು, ಕನ್ನಡಕ ಏರಿಸಿ, ವೃತ್ತವನ್ನು ಬೆರಳಿಂದ ಸವರಿ, “ಛೆ, ಇಷ್ಟು ಚೆಂದದ ಮೇಜಿನ ಮೇಲೆ ಬಿಸಿ ಪಾತ್ರೆ ಇಟ್ಟವರು ಯಾರ್ರೀ?” ಅಂದಳು.

“ನಾನೇ ಇಟ್ಟೆ,” ಅಂದೆ.