ಪಾದರಸ ಹಿಡಿಯುವ ಕೆಲಸ

ನಾನು ಒಂದು ಫಿಲ್ಟರ್. ಆಳೆತ್ತರದ ಉಕ್ಕಿನ ಪಾತ್ರೆ. ಹೊಟ್ಟೆಯೊಳಗೆ ಇದ್ದಿಲಿನ ಪುಡಿ ಮೆತ್ತಿದ ನಲವತ್ತು ಕೊಳವೆಗಳು. ಬೆಸುಗೆಯ ಕಿಡಿಗಳ ನಡುವೆ ಹುಟ್ಟಿ, ಲಾರಿಯೇರಿ, ಕರಾವಳಿಯ ಒಂದು ಕಾಸ್ಟಿಕ್ ಸೋಡಾ ಕಾರ್ಖಾನೆಗೆ ಬಂದೆ.

ಅಲ್ಲಿ ಉಪ್ಪುನೀರು ಮತ್ತು ಪಾದರಸ ಬಳಸಿ ಕ್ಷಾರ ತಯಾರಿಸುತ್ತಿದ್ದರು. ಬಿಸಿ ಕ್ಷಾರದ ಜೊತೆ ಪಾದರಸದ ಕಣಗಳೂ ಹರಿದು ಬರುತ್ತಿದ್ದವು. ಆ ವಿಷವನ್ನು ಹಿಡಿದಿಟ್ಟುಕೊಂಡು ಶುದ್ಧ ಕ್ಷಾರವನ್ನು ಮುಂದೆ ಬಿಡುವುದು ನನ್ನ ಕೆಲಸ. ಒಳಗೆ ಬರುವುದೂ ಹೊರಗೆ ಹೋಗುವುದೂ ನೋಡಲು ಒಂದೇ, ತಿಳಿನೀರಿನಂತೆ. ಹಾಗಾಗಿ ಮೊದಲ ದಿನದಿಂದಲೇ ನನಗೆ ದಿಗಿಲು. ನಾನು ತಪ್ಪಿದರೆ ಯಾರಿಗೆ ಗೊತ್ತಾದೀತು?

ಗೊತ್ತಾಗಬಹುದಾಗಿದ್ದುದು ಇಬ್ಬರಿಗೆ. ನನ್ನನ್ನು ನಡೆಸುತ್ತಿದ್ದ ಪಾಂಡು ಅಂಬಿಗನಿಗೆ. ದಿನವೂ ಕ್ಷಾರದ ಮಾದರಿ ಒಯ್ದು ಪರೀಕ್ಷಿಸುತ್ತಿದ್ದ ಜಸಿಂತಾಬಾಯಿಗೆ.

ಒಂಬತ್ತನೆಯ ವರ್ಷ, ಒಂದು ಬೆಳಿಗ್ಗೆ ನನ್ನೊಳಗಿನ ಕೊಳವೆಯೊಂದು ಬಿರುಕುಬಿಟ್ಟಿತು. ಕ್ಷಾರ ಸಲೀಸಾಗಿ ನುಗ್ಗಿತು. ಟ್ಯಾಂಕರುಗಳು ಬೇಗ ತುಂಬುತ್ತಿವೆಯೆಂದು ಮೇಲ್ವಿಚಾರಕ ಶಾನಭಾಗರಿಗೆ ಸಂತೋಷ. ಕೂಗಿ ಹೇಳಲು ನನಗೆ ಬಾಯಿಲ್ಲ. ಅಷ್ಟರಲ್ಲಿ ಜಸಿಂತಾಬಾಯಿ ಓಡಿಬಂದು, ಮಾದರಿಯಲ್ಲಿ ಪಾದರಸ ಏರಿದೆ ಎಂದರು. ನಿಮ್ಮ ಪರೀಕ್ಷೆಯ ಯಂತ್ರವೇ ಕೆಟ್ಟಿರಬೇಕು, ಇನ್ನೊಮ್ಮೆ ನೋಡಿ ಎಂದು ಶಾನಭಾಗರು ಹೇಳಿ ಹೊರಟುಹೋದರು. ಪಾಂಡು ನನ್ನ ಒತ್ತಡದ ಮುಳ್ಳನ್ನೇ ದಿಟ್ಟಿಸುತ್ತಿದ್ದ. ಕೊಳವೆಗಳಲ್ಲಿ ಕೊಳೆ ಕಟ್ಟಿದಂತೆ ಏರಿ, ತೊಳೆದಾಗ ಮಾತ್ರ ಇಳಿಯಬೇಕಾದ ಮುಳ್ಳು ಅದು.

“ತೊಳೀದೇ ಒತ್ತಡ ಇಳಿದದೆ, ಬಾಯೋರೇ. ಒಳಗೆ ಎಂತದೋ ಒಡೆದದೆ. ನಾ ಬಂದ್ ಮಾಡ್ತೆ.”

“ಸಾಹೇಬ್ರನ್ನ ಕೇಳ್ಬೇಕಲ್ಲ, ಪಾಂಡು?”

“ಕೇಳಿದ್ರೆ ಬೇಡ ಅಂತಾರೆ.”

ಅವನು ವಾಲ್ವ್ ತಿರುಗಿಸಿದ. ನನ್ನ ಮುಚ್ಚಳ ಬಿಚ್ಚಿದಾಗ ಒಡೆದ ಕೊಳವೆ ಎಲ್ಲರಿಗೂ ಕಂಡಿತು. ಒಂದು ಟ್ಯಾಂಕರನ್ನು ಗೇಟಿನಲ್ಲೇ ತಡೆದರು. ಮೊದಲೇ ಹೊರಟಿದ್ದ ಇನ್ನೊಂದು ಸಾಬೂನು ತಯಾರಿಸುವವರಲ್ಲಿ ಖಾಲಿಯಾಗಿತ್ತು. ಆಮೇಲೆ ಅದೇನಾಯಿತೆಂದು ನನ್ನ ಬಳಿ ನಿಂತು ಯಾರೂ ಮಾತಾಡಲಿಲ್ಲ.

ಕೇಳದೆ ನಿಲ್ಲಿಸಿದ್ದಕ್ಕೆ ಪಾಂಡುವನ್ನು ಉಪ್ಪಿನ ಅಂಗಳಕ್ಕೆ ಕಳಿಸಿದರು. ಅವನ ಜಾಗಕ್ಕೆ ಬಂದವನು ಪ್ರತಿಯೊಂದಕ್ಕೂ ಅಪ್ಪಣೆ ಕೇಳುತ್ತಿದ್ದ. ನನ್ನ ದಿಗಿಲು ಇಮ್ಮಡಿಯಾಯಿತು.

ವರ್ಷಗಳು ಕಳೆದ ಮೇಲೆ ಪಾದರಸ ಬಳಸುವ ವಿಧಾನವನ್ನೇ ಕೈಬಿಟ್ಟರು. ಗುಜರಿಯವನು ಬಂದು ನನ್ನನ್ನು ತಟ್ಟಿ ನೋಡಿದ. ಜಸಿಂತಾಬಾಯಿ ಅಡ್ಡ ನಿಂತರು.

“ಇದರ ಮೈಯೆಲ್ಲ ಪಾದರಸ. ಕರಗಿಸೋಕೆ ಬೆಂಕಿಗೆ ಹಾಕಿದ್ರೆ ಆ ಹೊಗೆ ಕುಡಿಯೋರು ಯಾರು?”

ಕೊನೆಗೆ ಕಾಂಪೌಂಡಿನ ಮೂಲೆಯಲ್ಲಿ ಕಾಂಕ್ರೀಟಿನ ಗುಂಡಿ ಕಟ್ಟಿ, ನನ್ನನ್ನು ಇಳಿಸಿ ಮುಚ್ಚಿದರು. ಪಕ್ಕದಲ್ಲೇ ಒಂದು ಸಣ್ಣ ಕೊಳವೆಬಾವಿ ಕೊರೆದರು. ಜಸಿಂತಾಬಾಯಿ ತಿಂಗಳಿಗೊಮ್ಮೆ ಅದಕ್ಕೆ ದಾರ ಕಟ್ಟಿದ ಬಾಟಲಿ ಇಳಿಸಿ, ನೀರಿಗೆ ಪಾದರಸ ಜಿನುಗಿದೆಯೇ ಎಂದು ನೋಡುತ್ತಿದ್ದರು. ಬಾಟಲಿ ನೀರಿಗೆ ತಾಗುವ ಆ ಸದ್ದೇ ನನಗೆ ಧೈರ್ಯ.

ಹೋದ ಸಲ ಬಂದಾಗ, ನಾಳೆಯಿಂದ ತನಗೆ ನಿವೃತ್ತಿ, ಹೊಸಬರು ಬರುತ್ತಾರೆ ಎಂದು ಕಾವಲುಗಾರನಿಗೆ ಹೇಳಿದ್ದರು. ಅಂದಿನಿಂದ, ಮೇಲೆ ತಿಂಗಳಿಗೊಮ್ಮೆ ಹುಲ್ಲು ಕತ್ತರಿಸುವ ಸದ್ದು ಎರಡು ಸಲ ಕೇಳಿದೆ. ಬಾಟಲಿ ಇಳಿದ ಸದ್ದು ಮಾತ್ರ ಇನ್ನೂ ಕೇಳಿಲ್ಲ.